ಕೋಟೆ ಓಡಿಹೋಗುವುದಿಲ್ಲ

ನಿಮ್ಮ ಊರಿನ ಜಾತ್ರೆ ಯಾವ ತಿಂಗಳಲ್ಲಿ ನಡೆಯುತ್ತದೆ? ಕಳೆದ ವರ್ಷ ನಡೆದ ತಾರೀಕಿನಲ್ಲೇ ಈ ವರ್ಷವೂ ನಡೆಯಿತೇ? ಮನೆಯ ಗೋಡೆಯಲ್ಲಿರುವ ಕ್ಯಾಲೆಂಡರನ್ನು ಒಮ್ಮೆ ನೋಡಿರಿ. ಆಮೇಲೆ ಈ ಪಾಠವನ್ನು ಓದಿರಿ.

2023ರ ಜೂನ್ ತಿಂಗಳು. ಶಾಲೆ ತೆರೆದು ಎರಡು ವಾರ ಕಳೆದಿತ್ತು. ಹೊರಗೆ ಜೋರಾಗಿ ಮಳೆ ಸುರಿಯುತ್ತಿತ್ತು. ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ಮಾತು ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ನಾನು ಪಾಠ ನಿಲ್ಲಿಸಿದೆ. ಮಕ್ಕಳಿಗೆ ಇಷ್ಟೇ ಸಾಕಾಗಿತ್ತು.

"ಮಾಷ್ಟ್ರೇ, ಈ ವರ್ಷ ಪ್ರವಾಸ ಎಲ್ಲಿಗೆ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಎಲ್ಲಿಗೆ ಎಂಬುದನ್ನು ಆಮೇಲೆ ನೋಡೋಣ. ಯಾವಾಗ ಎಂದು ಮೊದಲು ಯೋಚಿಸೋಣ" ಎಂದೆ.

ಮಕ್ಕಳು ನಕ್ಕರು. ನಾನು ನಗಲಿಲ್ಲ. ಯಾವಾಗ ಎಂದು ಕೇಳದೆ ಹೊರಟು ನಾನು ಒಮ್ಮೆ ಪೆಚ್ಚಾಗಿದ್ದೆ. ಆ ಕಥೆಯನ್ನು ಅವರಿಗೆ ಹೇಳಿದೆ.

ನಾನು ಅಧ್ಯಾಪಕನಾಗಿ ಸೇರಿದ ಹೊಸತು. ಜುಲೈ ತಿಂಗಳ ಕೊನೆಯಲ್ಲಿ ಒಂದು ಶನಿವಾರ ನಲುವತ್ತು ಮಕ್ಕಳನ್ನು ರೈಲಿನಲ್ಲಿ ನೀಲೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ತೆಯ್ಯಂ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೊಡೆ ಹಿಡಿದು ಸಾಲಾಗಿ ಒಂದು ಕಾವಿಗೆ ಹೋದೆವು. ಅಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿ ಪಾಚಿ ಬೆಳೆದಿತ್ತು. ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹತ್ತಿರದ ಮನೆಯಿಂದ ಒಬ್ಬ ಅಜ್ಜ ಬಂದು, "ಈಗ ಬಂದರೆ ಹೇಗೆ ಮಾಷೇ? ತುಲಾ ತಿಂಗಳ ಹತ್ತು ಕಳೆದು ಬನ್ನಿ" ಎಂದರು. ಅವರ ಮನೆಯ ಜಗಲಿಯಲ್ಲೇ ಕುಳಿತು ಬುತ್ತಿ ಬಿಚ್ಚಿದೆವು. ಅಜ್ಜಿ ಎಲ್ಲರಿಗೂ ಬಿಸಿ ಜೀರಿಗೆ ನೀರು ಕೊಟ್ಟರು.

ಹಿಂದೆ ಬರುವಾಗ ದಾರಿಯಲ್ಲಿ ಚೆಂಡೆಯ ಸದ್ದು ಕೇಳಿಸಿತು. ಸಣ್ಣ ವೇಷವೊಂದು ಮನೆಯಿಂದ ಮನೆಗೆ ಹೋಗುತ್ತಿತ್ತು. ಅದು ಗಳಿಂಜನ್. ಕರ್ಕಾಟಕ ತಿಂಗಳಲ್ಲಿ ಮನೆಯ ಮಾರಿಯನ್ನು ಓಡಿಸಲು ಬರುವ ವೇಷ. ನಮ್ಮ ತುಳು ಕಡೆಯಲ್ಲಿ ಇದೇ ತಿಂಗಳಲ್ಲಿ ಓಲೆಯ ಕೊಡೆ ತಿರುಗಿಸುತ್ತಾ ಬರುವ ಆಟಿ ಕಳಂಜನನ್ನು ನೀವು ನೋಡಿರಬಹುದು. ಕಾವಿನ ತೆಯ್ಯಗಳೆಲ್ಲ ಸುಮ್ಮನಿರುವ ಕಾಲದಲ್ಲಿ ಇವರು ಹೊರಡುತ್ತಾರೆ. ಮಕ್ಕಳಿಗೆ ಅಂದು ನೋಡಲು ಸಿಕ್ಕಿದ್ದು ಅಷ್ಟೇ. ಅದೂ ನನ್ನ ಬುದ್ಧಿಯಿಂದ ಸಿಕ್ಕಿದ್ದಲ್ಲ.

ಅಜ್ಜ ಹೇಳಿದ "ತುಲಾ ಹತ್ತು" ಎಂದರೇನು? ಮಲಯಾಳ ಪಂಚಾಂಗದ ತುಲಾ ತಿಂಗಳ ಹತ್ತನೆಯ ದಿನ. ಅದು ಅಕ್ಟೋಬರ್ ಕೊನೆಯ ವಾರದಲ್ಲಿ ಬರುತ್ತದೆ. ಪತ್ತಾಮುದಯಂ ಎಂದು ಅದರ ಹೆಸರು. ಅಲ್ಲಿಂದ ತೆಯ್ಯಂಗಳ ಕಾಲ ಆರಂಭವಾಗುತ್ತದೆ. ನಮ್ಮ ತುಳುನಾಡಿನಲ್ಲಿ ಇನ್ನೊಂದು ಹತ್ತು ಇದೆ. ಅದು ಬೇಶ ತಿಂಗಳ ಹತ್ತು, ಅಂದರೆ ಪತ್ತನಾಜೆ. ಮೇ 24 ಅಥವಾ 25ರ ಹೊತ್ತಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ನೇಮ, ಕೋಲ, ಜಾತ್ರೆಗಳು ನಿಲ್ಲುತ್ತವೆ. ಜಿಲ್ಲೆಯ ತೆಂಕು ಭಾಗದಲ್ಲಿ ತೆಯ್ಯಂ ಮುಗಿಯುವುದು ಇನ್ನೂ ಸ್ವಲ್ಪ ತಡವಾಗಿ, ನೀಲೇಶ್ವರದ ಮಣ್ಣಂಪುರತ್ತ್ ಕಾವಿನ ಕಲಶ ಕಳೆದ ಮೇಲೆ.

"ಮಳೆಗಾಲದಲ್ಲಿ ಯಾಕೆ ನಿಲ್ಲಿಸಬೇಕು?" ಎಂದು ಒಬ್ಬ ಕೇಳಿದ.

"ಆಟ ಎಲ್ಲಿ ನಡೆಯುತ್ತದೆ?" ಎಂದು ನಾನು ತಿರುಗಿ ಕೇಳಿದೆ.

"ಗದ್ದೆಯಲ್ಲಿ" ಎಂದ. ಹೇಳಿದ ಕೂಡಲೇ ಅವನಿಗೆ ಉತ್ತರ ಹೊಳೆಯಿತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ. ಆಗ ಗದ್ದೆಯಲ್ಲಿ ನೇಜಿ ಇರುತ್ತದೆ. ನೋಡುವವರೂ ಕೆಸರಿನಲ್ಲಿ ಕೆಲಸದಲ್ಲಿರುತ್ತಾರೆ. ಕೊಯ್ಲು ಮುಗಿದು ಗದ್ದೆ ಒಣಗಿದರೆ ಅದೇ ಗದ್ದೆ ರಂಗಸ್ಥಳವಾಗುತ್ತದೆ. ಇಂದು ಗದ್ದೆಗಳು ಕಡಿಮೆಯಾಗಿವೆ. ಸಭಾಂಗಣಗಳು ಬಂದಿವೆ. ಆದರೂ ಪತ್ತನಾಜೆಯ ಕಟ್ಟು ಉಳಿದಿದೆ.

ಮಳೆಗಾಲದಲ್ಲಿ ಏನೂ ಇಲ್ಲವೆಂದಲ್ಲ. ಮಾಡಿನ ಅಡಿಯಲ್ಲಿ ಕುಳಿತು, ವೇಷವಿಲ್ಲದೆ, ಮಾತಿನಿಂದಲೇ ಕಥೆ ಹೇಳುವ ತಾಳಮದ್ದಳೆಗೆ ಇದೇ ಒಳ್ಳೆಯ ಕಾಲ. ಎಡನೀರು ಮಠದಲ್ಲಿ ಚಾತುರ್ಮಾಸ್ಯದ ದಿನಗಳಲ್ಲಿ ಸಂಗೀತ ಕಚೇರಿ, ತಾಳಮದ್ದಳೆಗಳು ನಡೆಯುತ್ತವೆ. ಕೆಸರುಗದ್ದೆಯ ಓಟ, ಹಗ್ಗಜಗ್ಗಾಟಗಳೂ ಈ ಕಾಲದವು. ಕುಟುಂಬಶ್ರೀಯವರು ಗದ್ದೆಯಲ್ಲಿ ನಡೆಸುವ ಮಳಪ್ಪೊಲಿಮಕ್ಕೆ ನಮ್ಮ ತರಗತಿಯ ಕೆಲವು ಮಕ್ಕಳ ಅಮ್ಮಂದಿರು ಹೋಗಿದ್ದರು.

ಮರುದಿನ ಒಂದು ದೊಡ್ಡ ಚಾರ್ಟ್ ಪೇಪರನ್ನು ಗೋಡೆಗೆ ಅಂಟಿಸಿದೆವು. ನೋಡಬೇಕು ಎಂದು ಆಸೆಯಿರುವುದನ್ನೆಲ್ಲ ಬರೆಯಿರಿ ಎಂದೆ. ಒಬ್ಬನಿಗೆ ತೃಕ್ಕರಿಪುರದ ಸೆವೆನ್ಸ್ ಫುಟ್‌ಬಾಲ್ ನೋಡಬೇಕು. ಒಬ್ಬಳಿಗೆ ಕುಂಬಳೆ ಬೆಡಿ. ಇನ್ನೊಬ್ಬಳಿಗೆ ತೇಜಸ್ವಿನಿ ಹೊಳೆಯ ದೋಣಿ ಸ್ಪರ್ಧೆ. ಪೈವಳಿಕೆಯಲ್ಲಿ ನೆಂಟರಿರುವ ಹುಡುಗನಿಗೆ ಕಂಬಳದ ಕೋಣ. ಚಿತ್ರ ಬಿಡಿಸುವ ಹುಡುಗಿಗೆ ಕಾಞಂಗಾಡಿನ ಲಲಿತಕಲಾ ಅಕಾಡೆಮಿಯ ಗ್ಯಾಲರಿಯಲ್ಲಿ ಚಿತ್ರ ಪ್ರದರ್ಶನ. ಬೇಕಲದ ಬೀಚ್ ಉತ್ಸವ ಎಂದು ಹನ್ನೆರಡು ಮಂದಿ ಬರೆದರು. 2022ರ ಡಿಸೆಂಬರ್ ಕೊನೆಯಲ್ಲಿ ಅದು ಮೊದಲ ಸಲ ನಡೆದಾಗ ಕೆಲವರು ಮನೆಯವರ ಜೊತೆ ಹೋಗಿದ್ದರು. ಹೋದವರು ಹೇಳಿದ್ದನ್ನು ಕೇಳಿ ಹೋಗದವರಿಗೆ ಆಸೆ ಹುಟ್ಟಿತ್ತು.

"ಇವುಗಳ ತಾರೀಕು ಬರೆಯಿರಿ" ಎಂದಾಗ ಗೊಂದಲ ಆರಂಭವಾಯಿತು.

ನಮ್ಮ ಜಿಲ್ಲೆಯಲ್ಲಿ ಒಂದೇ ಕ್ಯಾಲೆಂಡರ್ ಇಲ್ಲ, ಮಕ್ಕಳೇ. ಕುಂಬಳೆಯ ಕಣಿಪುರ ದೇವಾಲಯದ ಉತ್ಸವ ಸೂರ್ಯನ ಲೆಕ್ಕದಲ್ಲಿ ಬರುತ್ತದೆ. ಮಕರ ಸಂಕ್ರಮಣದ ಹೊತ್ತಿಗೆ, ಜನವರಿ ನಡುವಿನಲ್ಲಿ. ಅದು ಹೆಚ್ಚು ಅತ್ತಿತ್ತ ಹೋಗುವುದಿಲ್ಲ. ಚೌತಿ ಚಂದ್ರನ ಲೆಕ್ಕದಲ್ಲಿ ಬರುವುದರಿಂದ ಹಿಂದೆ ಮುಂದೆ ಆಗುತ್ತದೆ. 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು. 2025ರಲ್ಲಿ ಆಗಸ್ಟ್ 27ಕ್ಕೆ ಬಂತು. ಪಾಲಕುನ್ನಿನ ಭರಣಿ ಉತ್ಸವಕ್ಕೆ ಕುಂಭ ತಿಂಗಳೂ ಬೇಕು, ಭರಣಿ ನಕ್ಷತ್ರವೂ ಬೇಕು. ಮೀನ ತಿಂಗಳ ಪೂರಂ ಹಬ್ಬವೂ ನಕ್ಷತ್ರ ನೋಡಿಯೇ ಬರುತ್ತದೆ. ಹಿಜರಿ ವರ್ಷದಲ್ಲಿ ದಿನಗಳು ಸುಮಾರು ಹನ್ನೊಂದು ಕಡಿಮೆ. ಆದುದರಿಂದ ನೋಂಬು ಪ್ರತಿವರ್ಷ ಅಷ್ಟು ದಿನ ಹಿಂದಕ್ಕೆ ಬರುತ್ತದೆ. 2016ರಲ್ಲಿ ಚಿಕ್ಕ ಪೆರ್ನಾಲ್ ಜುಲೈಯ ಮಳೆಯಲ್ಲಿ ಬಂದಿತ್ತು. 2025ರಲ್ಲಿ ಮಾರ್ಚ್ ಕೊನೆಯ ಬಿಸಿಲಿನಲ್ಲಿ ಬಂತು. ಶಾಲಾ ಕಲೋತ್ಸವ, ಶಾಸ್ತ್ರೋತ್ಸವಗಳಿಗೆ ಸೂರ್ಯನೂ ಇಲ್ಲ, ಚಂದ್ರನೂ ಇಲ್ಲ. ಶಿಕ್ಷಣ ಇಲಾಖೆಯ ಸುತ್ತೋಲೆ ನೋಡಬೇಕು. 2019ರಲ್ಲಿ ನವೆಂಬರ್ 28ರಿಂದ ಡಿಸೆಂಬರ್ 1ರ ತನಕ ರಾಜ್ಯ ಶಾಲಾ ಕಲೋತ್ಸವ ನಮ್ಮ ಕಾಞಂಗಾಡಿಗೇ ಬಂದಿತ್ತು. ಯಕ್ಷಗಾನವೂ ಅದರಲ್ಲಿ ಒಂದು ಸ್ಪರ್ಧೆ. ಮತ್ತೆ ಅಷ್ಟು ಹತ್ತಿರ ಯಾವಾಗ ಬರುತ್ತದೋ!

ಹೊಳೆಯೂ ಒಂದು ಕ್ಯಾಲೆಂಡರೇ. ದೋಣಿ ಸ್ಪರ್ಧೆಗೆ ಹೊಳೆ ತುಂಬಿರಬೇಕು, ಆದರೆ ನೆರೆ ಇರಬಾರದು. ಕಂಬಳಕ್ಕೆ ಕೊಯ್ಲು ಮುಗಿದಿರಬೇಕು, ಕೆರೆಗೆ ನೀರೂ ಸಿಗಬೇಕು.

ಕೆಲವು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮಧೂರು ದೇವಾಲಯದ ಮೂಡಪ್ಪ ಸೇವೆ 1992ರಲ್ಲಿ ನಡೆಯಿತು. ಗಣಪತಿಯ ಮೂರ್ತಿಯನ್ನು ಅಪ್ಪಗಳಿಂದ ಮುಚ್ಚುವ ಸೇವೆ ಅದು. ಆಗ ನಾನು ಕಾಲೇಜಿನ ಹುಡುಗ. ಪರೀಕ್ಷೆ ಇದೆ, ಮುಂದಿನ ಸಲ ನೋಡಿದರಾಯಿತು ಎಂದುಕೊಂಡೆ. ಮುಂದಿನ ಸಲ ಬಂದದ್ದು 2025ರಲ್ಲಿ. ಮೂವತ್ತಮೂರು ವರ್ಷ! ಆಗ ನನ್ನ ತಲೆ ಬೆಳ್ಳಗಾಗಿತ್ತು.

ಚಾರ್ಟಿನ ಮುಂದೆ ನಿಂತಿದ್ದ ಮುಂದಿನ ಬೆಂಚಿನ ಹುಡುಗಿ ಕೆಂಪು ಪೆನ್ನು ತೆಗೆದುಕೊಂಡು ನಡುವೆ ಒಂದು ಗೆರೆ ಎಳೆದಳು. ಒಂದು ಬದಿಯಲ್ಲಿ 'ಕಾಯುವವು' ಎಂದು ಬರೆದಳು. ಇನ್ನೊಂದು ಬದಿಯಲ್ಲಿ 'ಕಾಯದವು' ಎಂದು ಬರೆದಳು.

"ಬೇಕಲ ಕೋಟೆ ನಮಗಾಗಿ ಕಾಯುತ್ತದೆ ಮಾಷ್ಟ್ರೇ. ಆಟ ಕಾಯುವುದಿಲ್ಲ" ಎಂದಳು.

ಇಷ್ಟು ವರ್ಷ ಪ್ರವಾಸ ಹೋದರೂ ನನಗೆ ಹೀಗೆ ಗೆರೆ ಎಳೆಯಲು ತೋಚಿರಲಿಲ್ಲ. ಕೋಟೆ, ಗ್ಯಾಲರಿ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿನ ಗಿಳಿವಿಂಡು, ಅನಂತಪುರದ ಕೆರೆ ದೇವಾಲಯ ಎಲ್ಲ ಒಂದು ಬದಿಗೆ ಹೋದವು. ಬೆಡಿ, ದೋಣಿ ಸ್ಪರ್ಧೆ, ಕಂಬಳ, ಆಟ ಇನ್ನೊಂದು ಬದಿಗೆ ಹೋದವು. ಕಾಯದವುಗಳಲ್ಲಿ ಒಂದನ್ನು ಆರಿಸಿ ದಿನ ಗೊತ್ತುಮಾಡಬೇಕು. ದಾರಿಯಲ್ಲಿ ಸಿಗುವ ಕಾಯುವವುಗಳನ್ನು ಅದಕ್ಕೆ ಜೋಡಿಸಬೇಕು.

"ಅನಂತಪುರದ ಬಬಿಯಾ ಕಾಯಲಿಲ್ಲವಲ್ಲ" ಎಂದು ಹಿಂದಿನಿಂದ ಒಬ್ಬ ಹೇಳಿದ. ತರಗತಿ ಸುಮ್ಮನಾಯಿತು. ಅನಂತಪುರದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆಯನ್ನು ಎಷ್ಟೋ ಮಕ್ಕಳು ನೋಡಬೇಕೆಂದಿದ್ದರು. ಅದು 2022ರ ಅಕ್ಟೋಬರ್ 9ರಂದು ಸತ್ತಿತು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಬೇರೊಂದು ಮೊಸಳೆ ಕಾಣಿಸಿಕೊಂಡಿತು. ಆದರೆ ಜೂನ್ ತಿಂಗಳ ಆ ದಿನ ನಮಗೆ ಅದು ಹೇಗೆ ಗೊತ್ತಾಗಬೇಕು? ಹುಡುಗಿ ಅನಂತಪುರದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಇನ್ನು ಆರಿಸುವುದು ಬಾಕಿ. ಹೆಚ್ಚಿನವರಿಗೆ ಬೀಚ್ ಉತ್ಸವವೇ ಬೇಕಿತ್ತು. ಕೈ ಎತ್ತಿಸಿದರೆ ಅದೇ ಗೆಲ್ಲುವುದು ಖಂಡಿತ. ಆಗ ಕಿಟಕಿಯ ಬಳಿ ಕುಳಿತ ಒಬ್ಬ ಹುಡುಗ, ಯಾವಾಗಲೂ ಮಾತನಾಡದವನು, ಎದ್ದು ನಿಂತ.

"ನನ್ನ ಅಪ್ಪ ಮೇಳದಲ್ಲಿದ್ದಾರೆ. ಪತ್ತನಾಜೆ ಕಳೆದು ಮನೆಗೆ ಬಂದಿದ್ದಾರೆ. ದೀಪಾವಳಿ ಕಳೆದರೆ ಮತ್ತೆ ತಿರುಗಾಟಕ್ಕೆ ಹೋಗುತ್ತಾರೆ. ಅವರದ್ದು ಬಣ್ಣದ ವೇಷ. ನಾನು ಫೋಟೋದಲ್ಲಿ ಮಾತ್ರ ನೋಡಿದ್ದು."

ಅವನು ಇಷ್ಟು ಹೇಳಿ ಕುಳಿತುಕೊಂಡ. ಆಟಕ್ಕೆ ಹೋಗೋಣ ಎಂದು ಅವನು ಹೇಳಲಿಲ್ಲ. ಆಮೇಲೆ ಕೈ ಎತ್ತಲು ಹೇಳಿದಾಗ ಅವನು ಬೀಚ್ ಉತ್ಸವಕ್ಕೇ ಕೈ ಎತ್ತಿದ! ಆದರೆ ಹನ್ನೆರಡರಲ್ಲಿ ಆರು ಮಂದಿ ಕೈ ಕೆಳಗೆ ಹಾಕಿದ್ದರು. ಆಟಕ್ಕೆ ಹದಿನೇಳು ಕೈಗಳು ಬಂದವು.

ಮೇಳಗಳ ತಿರುಗಾಟ ಹೇಗೆ ನಡೆಯುತ್ತದೆ ಎಂದು ಅಪ್ಪನನ್ನು ಕೇಳಿ ಬಾ ಎಂದು ಅವನಿಗೆ ಹೇಳಿದೆ. ಅವನು ಪುಸ್ತಕದಲ್ಲಿ ಬರೆದುಕೊಂಡು ಬಂದ. ಹರಕೆಯ ಆಟವಾಡಿಸುವವರು ಮೊದಲೇ ಮೇಳಕ್ಕೆ ತಿಳಿಸಿರುತ್ತಾರೆ. ಯಾವ ದಿನ ಯಾವ ಊರು ಎಂದು ಮೇಳದಲ್ಲಿ ಪಟ್ಟಿ ಇರುತ್ತದೆ. ನವೆಂಬರಿನಲ್ಲಿ ಆ ಪಟ್ಟಿ ನಮ್ಮ ಕೈಸೇರಿತು. ಎಲ್ಲ ದೂರದ ಊರುಗಳು. ಪುತ್ತೂರು, ಬಂಟ್ವಾಳ, ಮೂಡಬಿದಿರೆ. ನಾವು ಹೋಗಿ ಬರುವಷ್ಟು ಹತ್ತಿರ ಮೂರೇ ದಿನಗಳಿದ್ದವು. ಒಂದು ಅರ್ಧವಾರ್ಷಿಕ ಪರೀಕ್ಷೆಯ ನಡುವೆ. ಒಂದು ಮಾರ್ಚಿನಲ್ಲಿ. "ಮಾರ್ಚಿನಲ್ಲಿ ಬೇಡ ಮಾಷ್ಟ್ರೇ. ನೋಂಬು ಶುರುವಾದರೆ ನಮಗೆ ಬರಲಿಕ್ಕೆ ಆಗುವುದಿಲ್ಲ" ಎಂದು ಇಬ್ಬರು ಹೇಳಿದರು. ಅದು ಸರಿಯೇ. ಪ್ರವಾಸವೆಂದರೆ ಎಲ್ಲರೂ ಇರಬೇಕು. ಉಳಿದದ್ದು ಜನವರಿ ಕೊನೆಯ ಶನಿವಾರ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಒಂದು ಗದ್ದೆ. ಪ್ರಸಂಗ ದೇವೀಮಹಾತ್ಮ್ಯೆ.

ಇನ್ನೊಂದು ಅಡ್ಡಿ ಇತ್ತು. ಪ್ರವಾಸ ಹೋದವರು ರಾತ್ರಿ ಎಂಟಕ್ಕೆ ಮೊದಲು ಹಿಂದೆ ಬರಬೇಕೆಂದು ನಮ್ಮ ಮುಖ್ಯೋಪಾಧ್ಯಾಯಿನಿಯವರು ಹೇಳಿದ್ದರು. ಈಗ ಅನೇಕ ಮೇಳಗಳು ಕಾಲಮಿತಿಯ ಆಟ ಆಡುತ್ತವೆ. ಸಂಜೆ ಆರಂಭಿಸಿ ನಡುರಾತ್ರಿಯ ಹೊತ್ತಿಗೆ ಮುಗಿಸುತ್ತವೆ. ಆದರೂ ಮಹಿಷಾಸುರ ಬರುವಾಗ ಒಂಬತ್ತೂವರೆ, ಹತ್ತು ಆಗುತ್ತದೆ. ಹುಡುಗನ ಅಪ್ಪನದ್ದು ಅದೇ ವೇಷ. ಪಿ.ಟಿ.ಎ. ಸಭೆಯಲ್ಲಿ ಮಕ್ಕಳೇ ಚಾರ್ಟ್ ಹಿಡಿದು ವಿವರಿಸಿದರು. ರೈಲಿಗೆ ಎಷ್ಟು, ಬಸ್ಸಿಗೆ ಎಷ್ಟು, ಊಟ ಎಲ್ಲಿ, ಯಾರು ಯಾರ ಜೊತೆ ಎಂದು ಲೆಕ್ಕ ಒಪ್ಪಿಸಿದರು. ಕೆಲವು ಹೆತ್ತವರಿಗೆ ಮನಸ್ಸಿರಲಿಲ್ಲ. ಕೊನೆಗೆ ಐದು ಮಂದಿ ಅಮ್ಮಂದಿರು ಜೊತೆಗೆ ಬರುವುದೆಂದೂ ಹತ್ತೂವರೆಗೆ ಬಸ್ಸು ಹೊರಡುವುದೆಂದೂ ತೀರ್ಮಾನವಾಯಿತು.

ಜನವರಿ 27, ಶನಿವಾರ. ಬೆಳಗ್ಗೆ ಕುಂಬಳೆಯಲ್ಲಿ ರೈಲು ಹತ್ತಿದೆವು. ಕಾಸರಗೋಡು, ಕಳನಾಡು, ಕೋಟಿಕುಳಂ ದಾಟಿ ಬೇಕಲ ಕೋಟೆಯ ನಿಲ್ದಾಣದಲ್ಲಿ ಇಳಿದೆವು. ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ ಕೋಟೆ ಅದು. ಕೆಂಪು ಕಲ್ಲಿನ ಗೋಡೆ, ಮೂರು ಬದಿಯಲ್ಲಿ ಕಡಲು. "ನೋಡು, ಇನ್ನೂ ಇಲ್ಲೇ ಇದೆ" ಎಂದು ಒಬ್ಬ ಗೋಡೆಗೆ ತಟ್ಟಿದ. ಮಧ್ಯಾಹ್ನದ ರೈಲಿನಲ್ಲಿ ಕುಂಬಳೆಗೆ ಹಿಂತಿರುಗಿದೆವು. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಈ ಕುಂಬಳೆಯವನು ಎಂದು ಅವರಿಗೆ ಹೇಳಿದೆ. ಅನಂತಪುರಕ್ಕೂ ಹೋದೆವು. ಮೊಸಳೆ ಕಾಣಿಸಲಿಲ್ಲ.

ಸಂಜೆ ಗದ್ದೆಗೆ ತಲುಪಿದಾಗ ಚೆಂಡೆಯವರು ಕೇಳಿ ಬಡಿಯುತ್ತಿದ್ದರು. ಆಟ ಇದೆ ಎಂದು ಊರಿಗೆ ತಿಳಿಸುವ ಬಡಿತ ಅದು. ಚೌಕಿಗೆ ಹೋಗುವ ಮೊದಲು ಚಪ್ಪಲಿ ಕಳಚಿದೆವು. ಚೌಕಿಯಲ್ಲಿ ಗಣಪತಿಯ ಮುಂದೆ ದೀಪ ಇತ್ತು. ಎರಡೂ ಬದಿಯಲ್ಲಿ ಕಲಾವಿದರು ಕನ್ನಡಿ ಹಿಡಿದು ಬಣ್ಣ ಹಚ್ಚುತ್ತಿದ್ದರು. ಹುಡುಗನ ಅಪ್ಪ ಆಗಲೇ ಅರ್ಧ ಮುಖ ಮಾಡಿಕೊಂಡಿದ್ದರು. ಕಪ್ಪು, ಕೆಂಪು ಬಣ್ಣದ ಮೇಲೆ ಅಕ್ಕಿಹಿಟ್ಟಿನ ಬಿಳಿ ಚಿಟ್ಟಿಯನ್ನು ಒಂದೊಂದಾಗಿ ಇಡುತ್ತಿದ್ದರು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಮಗನನ್ನು ಕಂಡರೂ ಮಾತನಾಡಲಿಲ್ಲ. ಮಾತನಾಡಿದರೆ ಚಿಟ್ಟಿ ಬಿರಿಯುತ್ತದೆ. ಎಡಗೈಯಿಂದ ಪಕ್ಕದಲ್ಲಿ ಕುಳಿತುಕೋ ಎಂದು ತೋರಿಸಿದರು. ಹುಡುಗ ಅಲ್ಲೇ ಕುಳಿತ. ಉಳಿದ ಮಕ್ಕಳು ಕಡಲೆ ತಿನ್ನಲು ಹೋದರು. ಅವನು ಏಳಲಿಲ್ಲ.

ಹತ್ತು ಗಂಟೆ ಆಯಿತು. ಮಹಿಷಾಸುರ ಬಂದಿರಲಿಲ್ಲ. ಬಸ್ಸಿನ ಚಾಲಕರು ಒಮ್ಮೆ ಬಂದು ಗಡಿಯಾರ ತೋರಿಸಿದರು. ಮುಖ್ಯೋಪಾಧ್ಯಾಯಿನಿಯವರ ಫೋನೂ ಬಂತು. ಹತ್ತು ಹದಿನೈದಕ್ಕೆ ಗದ್ದೆಯ ಹಿಂದಿನಿಂದ ಒಂದು ಆರ್ಭಟೆ ಕೇಳಿಸಿತು. ಎಲ್ಲರೂ ತಿರುಗಿದರು. ದೊಂದಿಗಳ ಬೆಂಕಿ ಹಿಡಿದವರ ನಡುವೆ, ಎರಡು ಕೊಂಬಿನ ದೊಡ್ಡ ವೇಷ, ಜನರ ನಡುವಿನಿಂದ ರಂಗಸ್ಥಳದ ಕಡೆಗೆ ನುಗ್ಗಿ ಬರುತ್ತಿತ್ತು. ನಮ್ಮ ಮಕ್ಕಳು ಚಾಪೆ ಬಿಟ್ಟು ಅಮ್ಮಂದಿರ ಹಿಂದೆ ಓಡಿದರು. ಸೆವೆನ್ಸ್ ಫುಟ್‌ಬಾಲ್ ಬೇಕೆಂದಿದ್ದವನು ಎಲ್ಲರಿಗಿಂತ ಮೊದಲು ಓಡಿದ. ಕಿಟಕಿಯ ಬಳಿಯ ಹುಡುಗ ಮಾತ್ರ ಚಾಪೆಯಲ್ಲೇ ನಿಂತಿದ್ದ.

ಬಸ್ಸು ಹೊರಟದ್ದು ಹತ್ತು ಮುಕ್ಕಾಲಿಗೆ. ಕಾಲು ಗಂಟೆ ತಡ. ಅದಕ್ಕೆ ನಾನು ಸೋಮವಾರ ಉತ್ತರ ಹೇಳಬೇಕಾಯಿತು.

ಅದೇ ಸೋಮವಾರ ಮಕ್ಕಳು ಪ್ರವಾಸದ ಟಿಪ್ಪಣಿ ಬರೆದು ತಂದರು. ಆ ಹುಡುಗ ಐದು ಸಾಲು ಬರೆದಿದ್ದ. ಕೊನೆಯ ಎರಡು ಸಾಲು ಹೀಗಿದ್ದವು: "ಅಪ್ಪ ನನ್ನನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ. ದೊಂದಿಯ ಹೊಗೆ ಕಣ್ಣಿಗೆ ಹೋಗಿತ್ತು. ಪತ್ತನಾಜೆಗೆ ಬಂದಾಗ ಕೇಳಬೇಕು."

ಚಟುವಟಿಕೆಗಳು

ಹೇಳಿರಿ
ಮಳೆಗಾಲದಲ್ಲಿ ಆಟ, ನೇಮಗಳು ನಿಲ್ಲಲು ಕಾರಣವೇನು?
ಹುಡುಗನ ಅಪ್ಪ ಚೌಕಿಯಲ್ಲಿ ಮಾತನಾಡಲಿಲ್ಲ. ಯಾಕೆ?
ತನಗೆ ಆಟ ನೋಡುವ ಆಸೆಯಿದ್ದರೂ ಹುಡುಗ ಬೀಚ್ ಉತ್ಸವಕ್ಕೆ ಕೈ ಎತ್ತಿದ್ದು ಯಾಕಿರಬಹುದು? ಗುಂಪಿನಲ್ಲಿ ಚರ್ಚಿಸಿರಿ.

ಮಾಡಿ ನೋಡಿರಿ
ನಿಮ್ಮ ಊರಿನ ಸುತ್ತಮುತ್ತ ನಡೆಯುವ ಜಾತ್ರೆ, ಉರೂಸ್, ಇಗರ್ಜಿಯ ಹಬ್ಬ, ಆಟ, ಪಂದ್ಯ, ಪ್ರದರ್ಶನಗಳ ಪಟ್ಟಿ ತಯಾರಿಸಿರಿ. ಪ್ರತಿಯೊಂದರ ಎದುರು ಅದು ಯಾವ ಲೆಕ್ಕದಲ್ಲಿ ಬರುತ್ತದೆ ಎಂದು ಬರೆಯಿರಿ: ಸೂರ್ಯ, ಚಂದ್ರ, ನಕ್ಷತ್ರ, ಹಿಜರಿ, ಇಲಾಖೆಯ ಸುತ್ತೋಲೆ, ಹೊಳೆ ಅಥವಾ ಗದ್ದೆ. ಗೊತ್ತಿಲ್ಲದಿದ್ದರೆ ಅಜ್ಜ, ಅಜ್ಜಿಯರನ್ನು ಕೇಳಿರಿ.

ಪಟ್ಟಿಯ ನಡುವೆ ಗೆರೆ ಎಳೆದು 'ಕಾಯುವವು', 'ಕಾಯದವು' ಎಂದು ಬೇರ್ಪಡಿಸಿರಿ. ಎರಡರಲ್ಲಿ ಎಲ್ಲಿ ಬರೆಯಬೇಕೆಂದು ತಿಳಿಯದವುಗಳಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿರಿ.

ಒಂದು ದಿನದ ಪ್ರವಾಸಕ್ಕೆ ಯೋಜನೆ ತಯಾರಿಸಿರಿ. ಹೊರಡುವ ಹೊತ್ತು, ರೈಲು ಅಥವಾ ಬಸ್ಸು, ಊಟ, ಖರ್ಚು, ಹಿಂತಿರುಗುವ ಹೊತ್ತು ಎಲ್ಲವನ್ನೂ ಬರೆಯಿರಿ. ನಿಮ್ಮ ತರಗತಿಯಲ್ಲಿ ಆ ದಿನ ಬರಲಾರದವರು ಯಾರಾದರೂ ಇದ್ದಾರೆಯೇ ಎಂದು ಕೇಳಿ ತಿಳಿಯಿರಿ.

ಬರೆಯಿರಿ
ಪತ್ತನಾಜೆ ಕಳೆದು ಅಪ್ಪ ಮನೆಗೆ ಬಂದರು. ಹುಡುಗ ಮತ್ತು ಅಪ್ಪನ ನಡುವೆ ನಡೆದಿರಬಹುದಾದ ಸಂಭಾಷಣೆಯನ್ನು ಬರೆಯಿರಿ.